ಹಂಚಿಕೊಂಡ ಡಿಸ್ಕು

ಶಿವಪುತ್ರ ಬಾಗಲಕೋಟೆಯ ನವನಗರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದ. ಅವನು ಹುಟ್ಟಿದ ಮನೆ ಹಳೇ ಊರಿನ ಹೊಳೆಯ ಕಡೆಯ ಓಣಿಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಮನೆ ಬಿಡುವ ಹೊತ್ತಿಗಾಗಲೇ ತಂದೆ ತೀರಿಕೊಂಡಿದ್ದರು. ಕದ, ತೊಲೆ, ಬೀಸುಕಲ್ಲುಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು, ತಾಯಿ ಮುತ್ತವ್ವನನ್ನು ಮುಂದೆ ಕೂರಿಸಿಕೊಂಡು ನವನಗರಕ್ಕೆ ಬಂದವನು ಅವನೇ. ಹೊಸ ಮನೆ ಕಟ್ಟುವುದು, ತಂಗಿಯರ ಮದುವೆ ಅಂತ ವರ್ಷಗಳು ಹೋದವು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಆತು, ನೋಡೂಣು" ಎನ್ನುತ್ತಿದ್ದ. ನೋಡುವುದರಲ್ಲೇ ಮೂವತ್ತೇಳಾಯಿತು.

2008ರಲ್ಲಿ ಲ್ಯಾಬಿಗೆ ಎರಡು ದೊಡ್ಡ ಸರ್ವರುಗಳು ಬಂದವು. ಒಂದೇ ಸರ್ವರಿನೊಳಗೆ ಹತ್ತಾರು ಕಂಪ್ಯೂಟರುಗಳಿವೆಯೇನೋ ಎಂಬಂತೆ ನಡೆಸುವ ವರ್ಚುವಲ್ ಮಷಿನ್ನಿನ ವಿದ್ಯೆ ಆಗಷ್ಟೇ ಕಾಲೇಜುಗಳಿಗೆ ಬರುತ್ತಿತ್ತು. ಅದೇ ವರ್ಷ ಚೇತನಾ ಎಂಬ ಹೊಸ ಲೆಕ್ಚರರ್ ತಾತ್ಕಾಲಿಕ ಹುದ್ದೆಗೆ ಸೇರಿದಳು. ಕೆರೂರಿನವಳು. ಅವಳ ತಂದೆ ಲಕ್ಷ್ಮಪ್ಪ ನೇಕಾರ. ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮಗ್ಗ ನಿಂತಿತ್ತು. ಅವರಿಗೆ ಊಟ ಮಾಡಿಸಿ, ಪಕ್ಕದ ಮನೆಯ ರಂಗವ್ವನಿಗೆ ಒಪ್ಪಿಸಿ, ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದಳು.

ಮೊದಲ ವಾರವೇ ಒಂದು ದಿನ ಅವಳು ಮುಖ ಬಿಳಿಚಿಕೊಂಡು ಶಿವಪುತ್ರನ ಟೇಬಲ್ಲಿಗೆ ಓಡಿಬಂದಳು. ಮಷಿನ್ನುಗಳ ಡಿಸ್ಕುಗಳನ್ನೆಲ್ಲ ಇಡುವ ಜಾಗಕ್ಕೆ ಸ್ಟೋರೇಜ್ ಪೂಲ್ ಎನ್ನುತ್ತಾರೆ. ಅದನ್ನು ನಿಲ್ಲಿಸಲು ಹೋಗಿ 'ಡೆಸ್ಟ್ರಾಯ್' ಎಂಬ ಆಜ್ಞೆ ಕೊಟ್ಟುಬಿಟ್ಟಿದ್ದಳು.

"ಎಲ್ಲಾ ಹಾಳ ಮಾಡಿಟ್ಟೆ ಸರ. ಹುಡುಗರ ಕೆಲಸ ಎಲ್ಲಾ ಹೋತು."

ಶಿವಪುತ್ರ ನಕ್ಕ. "ಏನೂ ಹೋಗಿಲ್ರಿ. ಹೆಸರಷ್ಟ ಹಂಗ. ಪೂಲ್ ನಿಂತೈತಿ, ಒಳಗಿಂದು ಒಂದೂ ಅಳಿಸಿಲ್ಲ." ಮತ್ತೆ ಚಾಲೂ ಮಾಡಿ ತೋರಿಸಿದ. ಅವಳು ಕುರ್ಚಿ ಎಳೆದುಕೊಂಡು ಕೂತು, ಒಂದು ತಂಬಿಗೆ ನೀರು ಕುಡಿದಳು.

ಅಲ್ಲಿಂದ, ಯಾವ ಬಗೆಯ ಪೂಲ್ ಇಡಬೇಕೆಂದು ಅವರ ಜಗಳ ಶುರುವಾಯಿತು. ಶಿವಪುತ್ರನಿಗೆ ಡೈರೆಕ್ಟರಿ ಪೂಲೇ ಇಷ್ಟ. ಅದು ಸಾದಾ ಫೋಲ್ಡರು. ಪ್ರತಿ ಮಷಿನ್ನಿನ ಡಿಸ್ಕೂ ಅಲ್ಲಿ ಒಂದು ಫೈಲಾಗಿ, ಹೆಸರಿನ ಸಮೇತ ಕಣ್ಣಿಗೆ ಕಾಣುತ್ತದೆ. ಚೇತನಾಳಿಗೆ ಲಾಜಿಕಲ್ ಪೂಲ್ ಬೇಕು. ಅದರಲ್ಲಿ ಇಡೀ ಡಿಸ್ಕನ್ನೇ ಬೇಕಾದ ಅಳತೆಗೆ ತುಂಡು ಮಾಡಿ ಕೊಡುವುದು. ನಡುವೆ ಫೈಲಿನ ಹಂಗಿಲ್ಲ, ವೇಗ ಹೆಚ್ಚು.

"ನಿಮಗ ಎಲ್ಲಾ ಕಣ್ಣೆದುರಿಗೇ ಇರಬೇಕ್ರಿ ಸರ," ಎಂದು ಅವಳು ರೇಗಿಸುತ್ತಿದ್ದಳು.

"ಕಾಣಲಿಲ್ಲಂದ್ರ ನನಗ ನಿದ್ದಿ ಹತ್ತಾಂಗಿಲ್ಲ," ಎನ್ನುತ್ತಿದ್ದ ಅವನು.

ಕೊನೆಗೆ ಇಬ್ಬರೂ ಮೂರನೆಯದಕ್ಕೆ ಒಪ್ಪಿದರು. ಅದು ನೆಟ್‌ವರ್ಕ್ ಪೂಲ್. ಡಿಸ್ಕುಗಳೆಲ್ಲ ಮೂಲೆಯ ಒಂದು ಹಳೇ ಕಂಪ್ಯೂಟರಿನಲ್ಲಿರುತ್ತವೆ, ಎರಡೂ ಸರ್ವರುಗಳು ಅದನ್ನು ಹಂಚಿಕೊಳ್ಳುತ್ತವೆ. ಹಾಗಿದ್ದರೆ ನಡೆಯುತ್ತಿರುವ ಮಷಿನ್ನನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಕಳಿಸಬಹುದು. ಹಾಗೆ ಕಳಿಸುವ ಪ್ರಯತ್ನ ಎಷ್ಟೋ ಸಲ ಕೈಕೊಟ್ಟಿತು. ಒಂದು ಶನಿವಾರ ಮಧ್ಯಾಹ್ನ, ಹುಡುಗರು ಹೋದ ಮೇಲೆ, ಚೇತನಾ ಒಂದು ಮಷಿನ್ನಿನಲ್ಲಿ ಗಡಿಯಾರ ಓಡಲು ಬಿಟ್ಟಳು. ಶಿವಪುತ್ರ ಆಜ್ಞೆ ಕೊಟ್ಟ. ಸೆಕೆಂಡಿನ ಮುಳ್ಳು ಒಂದು ಗಳಿಗೆ ತಡವರಿಸಿ ಮತ್ತೆ ನಡೆಯಿತು. ಅಷ್ಟರಲ್ಲಿ ಮಷಿನ್ನು ಆಚೆಯ ಸರ್ವರಿಗೆ ಹೋಗಿಯಾಗಿತ್ತು.

"ಜಾಗಾ ಬಿಟ್ಟಿದ್ದು ಅದಕ್ಕ ಗೊತ್ತೇ ಇಲ್ಲ ನೋಡ್ರಿ!" ಎಂದು ಚೇತನಾ ಚಪ್ಪಾಳೆ ತಟ್ಟಿದಳು.

ಶಿವಪುತ್ರನಿಗೆ ಅವ್ವ ಟ್ರ್ಯಾಕ್ಟರಿನ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತಿದ್ದು ನೆನಪಾಗಿತ್ತು. ಅದನ್ನು ಆ ದಿನ ಮೊದಲ ಸಲ ಇನ್ನೊಬ್ಬರ ಮುಂದೆ ಹೇಳಿದ. ಚೇತನಾ ಕೆರೂರಿನ ಬಸ್ಸು ತಪ್ಪಿಸಿಕೊಂಡು ಕೇಳುತ್ತ ಕೂತಳು.

ಮರುವರ್ಷ ಬೇಸಿಗೆಯಲ್ಲಿ ಅವಳಿಗೆ ಗುಲಬರ್ಗಾದಲ್ಲಿ ಕಾಯಂ ನೌಕರಿ ಸಿಕ್ಕಿತು. ತಂದೆಯನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಕೊನೆಯ ದಿನ ಲ್ಯಾಬಿನ ಬಾಗಿಲಲ್ಲಿ ನಿಂತು ಅವಳೇ ಕೇಳಿದಳು.

"ಅಲ್ಲೂ ಇನ್‌ಸ್ಟ್ರಕ್ಟರ್ ಪೋಸ್ಟ್ ಖಾಲಿ ಐತ್ರಿ. ನೀವೂ ಅರ್ಜಿ ಹಾಕಬಾರದ್ಯಾಕ?"

ಅವಳು ಕೇಳುತ್ತಿರುವುದು ನೌಕರಿಯ ಮಾತಲ್ಲವೆಂದು ಶಿವಪುತ್ರನಿಗೆ ತಿಳಿಯಿತು. ಆದರೂ ಬಾಯಿಗೆ ಬಂದದ್ದು ಬೇರೆಯೇ.

"ಅವ್ವನ್ನ ಒಮ್ಮೆ ಕಿತ್ತು ತಂದೇನ್ರಿ. ಇನ್ನೊಮ್ಮೆ ಕಿತ್ತರ ಆಕಿ ಉಳಿಯಾಂಗಿಲ್ಲ."

"ಖರೆ ಐತ್ರಿ," ಎಂದಳು ಚೇತನಾ. ಚೀಲ ಹೆಗಲಿಗೇರಿಸಿ ಹೋದಳು.

ಆಮೇಲಿನ ದಿನಗಳಲ್ಲಿ ಅವನು ಲ್ಯಾಬಿಗೆ ಹೋಗುತ್ತಿದ್ದ, ಬರುತ್ತಿದ್ದ. ಕೆರೂರಿನ ಬಸ್ಸು ಬರುವ ಹೊತ್ತಿಗೆ ಕಿಟಕಿಯ ಕಡೆ ನೋಡುವುದು ತಪ್ಪಲಿಲ್ಲ. ಊಟದ ಮುಂದೆ ಕೂತು ರೊಟ್ಟಿ ಮುರಿದು ಸುಮ್ಮನೆ ಹಿಡಿದುಕೊಂಡಿರುತ್ತಿದ್ದ. ಮಳೆಗಾಲ ಕಳೆಯಿತು. ದೀಪಾವಳಿ ಮುಗಿದ ಮೇಲೆ ಒಂದು ದಿನ ಮುತ್ತವ್ವನಿಗೆ ತಡೆಯಲಾಗಲಿಲ್ಲ.

"ಏನಾಗೈತಿ ನಿನಗ? ಬಾಯಿ ಬಿಟ್ಟು ಹೇಳು."

ಅವನು ಹೇಳಿದ. ಬಾಗಿಲಲ್ಲಿ ಆಡಿದ ಮಾತನ್ನೂ ಹೇಳಿದ. ಮುತ್ತವ್ವ ಮಗನ ಎದುರಿಗೆ ಬಂದು ಕೂತಳು.

"ನಾ ಬರಾಂಗಿಲ್ಲಂತ ನಿನಗ ಯಾರು ಹೇಳಿದ್ರು? ನೇಕಾರರ ಹುಡುಗಿ ಬ್ಯಾಡಂತ ನಾ ಎಂದರ ಅಂದಿದ್ನೇನು? ಒಂದ ಮಾತು ಕೇಳಿದ್ದೇನು ನನ್ನ?"

"ಇಲ್ಲವ್ವ."

"ಹಳೇ ಊರು ನೆನಸ್ತೇನಿ, ಖರೆ. ನೆನಸೂದಕ್ಕ ಇಲ್ಲೇ ಕುಂದ್ರಬೇಕೇನು? ಅಂಜಿದಾಂವ ನೀನು, ನನ್ನ ಹೆಸರು ಮುಂದ ಮಾಡಿದಿ. ಫೋನ್ ಹಚ್ಚು ಆಕಿಗೆ."

ಮರುದಿನ ಅವನು ಲ್ಯಾಬಿನ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಫೋನ್ ಹಚ್ಚಿದ. ಚೇತನಾಳ ದನಿಯಲ್ಲಿ ಸಂತೋಷ ಉಕ್ಕಿತು. ಅಪ್ಪ ಆರಾಮ ಇದ್ದಾರೆ, ಎಡಗೈಯಲ್ಲೇ ಉಣ್ಣುತ್ತಾರೆ ಎಂದಳು. ಶಿವಪುತ್ರ ಹೇಳಬೇಕಾದ್ದನ್ನು ಈ ಸಲ ಸುತ್ತಿ ಬಳಸದೆ ಹೇಳಿಬಿಟ್ಟ.

"ಹೋದ ತಿಂಗಳ ನನ್ನ ಲಗ್ನ ನಿಶ್ಚಯ ಆತ್ರಿ ಸರ," ಎಂದಳು ಚೇತನಾ. "ಇಲ್ಲಿ ಬ್ಯಾಂಕಿನ್ಯಾಗ ಅದಾರ. ಛಲೋ ಮನಷ್ಯಾ. ಅಪ್ಪನ್ನ ಜೋಡಿಗೇ ಇಟ್ಕೊಳ್ಳೂಣಂದಾರ." ಆಮೇಲೆ, "ನಾ ಬೇಸಿಗಿ ಮುಗಿಯೂತನಕ ನಿಮ್ಮ ಫೋನಿನ ದಾರಿ ನೋಡಿದ್ನಿ," ಎಂದಳು.

ಅವನು "ಛಲೋ ಆತ್ರಿ" ಎಂದ. ಇಬ್ಬರಿಗೂ ಫೋನ್ ಇಡಲು ಮನಸ್ಸಿರಲಿಲ್ಲ. ನೆಟ್‌ವರ್ಕ್ ಪೂಲ್ ಹೇಗಿದೆಯೆಂದು ಅವಳು ಕೇಳಿದಳು. ಹೊಸ ಹುಡುಗರು ಹೆಚ್ಚಾದದ್ದರಿಂದ ಅದು ನಿಧಾನವಾಗಿದೆ, ಮುಂದಿನ ವರ್ಷ ಲಾಜಿಕಲ್ ಪೂಲಿಗೆ ಹೋಗಬೇಕೆಂದಿದ್ದೇನೆ ಎಂದು ಅವನು ಹೇಳಿದ. "ನಾ ಅವತ್ತೇ ಹೇಳಿದ್ದೆ," ಎಂದು ಅವಳು ನಕ್ಕಳು. ಆ ನಗೆ ಪೂರ್ತಿಯಾಗಲಿಲ್ಲ.

ಮಾಘದಲ್ಲಿ ಒಂದು ಶನಿವಾರ ಶಿವಪುತ್ರ ತಾಯಿಯನ್ನು ತುಳಸಿಗೇರಿಯ ಹಣಮಪ್ಪನ ಗುಡಿಗೆ ಕರೆದುಕೊಂಡು ಹೋದ. ಬರುವಾಗ ಗದ್ದನಕೇರಿ ಕ್ರಾಸಿನಲ್ಲಿ ಇಳಿದು ಚಹಾ ಕುಡಿಯುತ್ತ ನಿಂತಿದ್ದರು. ಹುಬ್ಬಳ್ಳಿ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. "ಗುಲಬರ್ಗಾ, ಗುಲಬರ್ಗಾ" ಎಂದು ಕಂಡಕ್ಟರ್ ಕೂಗಿದ. ಶಿವಪುತ್ರನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು. ಮುತ್ತವ್ವ ಅದನ್ನು ನೋಡಿದಳು. ಮಗನ ರಟ್ಟೆ ಹಿಡಿದುಕೊಂಡಳು. ಬಸ್ಸು ಜನರನ್ನು ತುಂಬಿಕೊಂಡು, ಧೂಳೆಬ್ಬಿಸುತ್ತ ವಿಜಾಪುರದ ದಾರಿ ಹಿಡಿಯಿತು. ಚಹಾ ಆರಿತ್ತು. ಅವನು ಅದನ್ನೇ ಕುಡಿದ.