ದೋಣಿಯ ಬೋಲ್ಟೂ ಅಮಾವಾಸ್ಯೆಯ ನಿಂಬೆಹಣ್ಣೂ

ಎಪ್ಪತ್ತು ವರ್ಷ ಬದುಕಿದರೂ ನಾನು ಒಂದು ಬೋಲ್ಟನ್ನು ಸರಿಯಾಗಿ ನೋಡಿರಲಿಲ್ಲ. ಮಂಚದಲ್ಲಿ, ಬಾಗಿಲಲ್ಲಿ, ಬಸ್ಸಿನ ಸೀಟಿನ ಕೆಳಗೆ ಅದು ಇದ್ದೇ ಇತ್ತು. ಸುಮ್ಮನೆ ಕೆಲಸ ಮಾಡಿಕೊಂಡಿರುವುದನ್ನು ಯಾರು ನೋಡುತ್ತಾರೆ? ಮುರಿದಾಗ ನೋಡುತ್ತೇವೆ, ಅದೂ ಬೈಯುವುದಕ್ಕೆ.

ನಮ್ಮದು ಹೊನ್ನಾಳಿ ಹತ್ತಿರ ಹೊಳೆದಂಡೆಯ ಊರು. ಮಾವನವರು ತೇಗದಲ್ಲಿ ಮಾಡಿಸಿದ ದೋಣಿ ಇನ್ನೂ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದೆ. ಹುಟ್ಟು ಹಾಕುವ ಕಾಲ ಹೋಗಿ ಈಗ ಹಿಂದಿನ ಹಲಗೆಗೆ ಮೋಟರ್ ಬಂದಿದೆ. ನಾಲ್ಕು ಬೋಲ್ಟು ಅದನ್ನು ಹಿಡಿದುಕೊಂಡಿವೆ. ನನ್ನ ಮಗನಿಗೆ ನೀರು ಕಂಡರೆ ತಲೆ ಸುತ್ತು, ಹಾಗಾಗಿ ದೋಣಿ ನಡೆಸುವವಳು ಸೊಸೆ ರೇಣುಕಾ. ಬೋಲ್ಟು ಕೈಕೊಟ್ಟರೆ ಮೋಟರ್ ಹೊಳೆಯ ತಳಕ್ಕೆ ಹೋಗುತ್ತದೆ, ದೋಣಿ ನೀರು ಎಳೆದ ಕಡೆಗೆ ಹೋಗುತ್ತದೆ, ಅದರೊಳಗೆ ರೇಣುಕಾ ಮತ್ತು ಹತ್ತು ಜನ.

ಈ ಸಲ ಮಳೆಗಾಲಕ್ಕೆ ಮುಂಚೆ ಮೋಟರ್ ಅಲುಗಾಡುತ್ತಿದೆ ಎಂದು ರೇಣುಕಾ ದೋಣಿಯನ್ನು ದಡಕ್ಕೆ ಕಟ್ಟಿಬಿಟ್ಟಳು. ನೋಡಿದರೆ ಬೋಲ್ಟಿನ ತಲೆಗಳು ಇಲಿ ಕಡಿದ ಬೆಲ್ಲದಂತಾಗಿದ್ದವು.

"ಎಣ್ಣೆ ಹಚ್ಚಾಕೆ ಕೈ ನೋಯ್ತಿತ್ತೇನೆ ನಿಂಗೆ?" ಎಂದೆ.

"ತಿಂಗ್ಳಿಗೊಮ್ಮೆ ಹಚ್ಚೇ ಹಚ್ತೀನ್ರೀ ಅತ್ತೆ."

ನಾನು ನಂಬಲಿಲ್ಲ. ನಂಬದಿದ್ದರೆ ಸುಮ್ಮನಿರಬೇಕಿತ್ತು, ಸೊಸೆ ಎಣ್ಣೆ ಹಚ್ಚುವುದಿಲ್ಲವೆಂದು ನಲ್ಲಿ ಹತ್ತಿರ ನೀರು ಹಿಡಿಯುವ ಹೆಂಗಸರಿಗೂ ಹೇಳಿ ಬಂದೆ.

ಹೊನ್ನಾಳಿಯಲ್ಲಿ ಆ ಅಳತೆ ಸಿಗಲಿಲ್ಲ. ಹಳೇ ಬೋಲ್ಟುಗಳನ್ನು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ನ್ಯಾಮತಿಗೆ ಹೋದೆ. ಅಲ್ಲಿ ಬಾಷಾ ಸಾಬರ ಹಾರ್ಡ್‌ವೇರ್ ಅಂಗಡಿ. ದೋಣಿ ಮೋಟರಿನವು ಎಂದೆ, ಅವರು ಅಳತೆ ಕೇಳಲಿಲ್ಲ. ಒಂದು ಬೋಲ್ಟನ್ನು ಬೆಳಕಿಗೆ ಹಿಡಿದು ಮದುವೆಗೆ ಹುಡುಗಿ ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಅಜ್ಜಿ, ಮೋಟರಿಗೆ ನಿಂಬೆಹಣ್ಣು ಒತ್ತತೀರೇನು?"

"ಪ್ರತಿ ಅಮಾವಾಸ್ಯೆಗೂ, ಹೆಚ್ಚಿ ಕುಂಕುಮ ಹಚ್ಚಿ ಬೋಲ್ಟಿನ ತಲೆ ಮೇಲೆ. ದೃಷ್ಟಿ ಆಗಬಾರದಲ್ಲ."

"ಹೊಳೆ ನೀರು ತಿಂದಿದ್ರೆ ಮೈಯೆಲ್ಲಾ ತಿಂತಿತ್ತು. ಇದು ತಲೆ ಅಷ್ಟೇ ಹೋಗೈತೆ, ಸಂದಿನಾಗೆ ಕುಂಕುಮ ಬ್ಯಾರೆ ಐತೆ."

ಉಪ್ಪಿನಕಾಯಿಯನ್ನು ತಗಡಿನ ಡಬ್ಬಿಯಲ್ಲಿಟ್ಟ ಓರಗಿತ್ತಿಗೆ ಹುಳಿ ತಗಡನ್ನು ತಿನ್ನುತ್ತದೆಂದು ಪಾಠ ಹೇಳಿದವಳು ನಾನೇ. ಅಡುಗೆಮನೆಯಲ್ಲಿದ್ದ ಬುದ್ಧಿ ಹೊಳೆದಂಡೆಗೆ ಬರುವಷ್ಟರಲ್ಲಿ ಎಲ್ಲಿ ಇಳಿದುಹೋಯಿತೋ.

ಸಾಬರು ಬೋಲ್ಟು ಆರಿಸಿದ್ದನ್ನು ನೋಡಬೇಕಿತ್ತು. ಅಯಸ್ಕಾಂತ ಇಟ್ಟು, ಅದಕ್ಕೆ ಗಟ್ಟಿಯಾಗಿ ಅಂಟಿದ್ದನ್ನೆಲ್ಲ ಬದಿಗೆ ತಳ್ಳಿದರು. ಅಂಟದಿದ್ದದ್ದೇ ತುಕ್ಕು ಹಿಡಿಯದ ಸ್ಟೀಲಂತೆ. ಒಂದು ನೂಲಿನಷ್ಟು ಹೆಚ್ಚು ದಪ್ಪದ್ದು ತಗೊಳ್ಳಲೇ ಎಂದರೆ ಬೇಡವೆಂದರು, ಹಳೇ ಹಲಗೆಯ ತೂತು ದೊಡ್ಡದು ಮಾಡಿದರೆ ಮರ ಸೀಳುತ್ತದೆ. ಉದ್ದ ಎಷ್ಟೆಂದರೆ ನಟ್ಟು ಕೂತ ಮೇಲೆ ಎರಡು ಸುತ್ತು ಆಚೆ ಕಾಣಬೇಕು. ನಟ್ಟು ಮರವನ್ನು ಕಚ್ಚದಂತೆ ರೊಟ್ಟಿಯಂಥ ಅಗಲದ ವಾಷರ್. ಮೋಟರ್ ನಡುಗಿದರೂ ಸಡಿಲವಾಗದ, ಒಳಗೆ ಪ್ಲಾಸ್ಟಿಕ್ ಬಳೆ ಇರುವ ನಟ್ಟು. "ಬಿಗಿ ಮಾಡ್ರಿ, ಹಲಗೆ ಅಪ್ಪಚ್ಚಿ ಮಾಡಬ್ಯಾಡ್ರಿ," ಎಂದರು. ಮನೆ ನಡೆಸುವವರಿಗೆಲ್ಲ ಆ ಮಾತು ಹೇಳಿಕೊಡಬೇಕು ಅನ್ನಿಸಿತು. ಬೋಲ್ಟೆಂದರೆ ಎಂಥ ಮರ್ಯಾದಸ್ಥ ವಸ್ತು. ಇಷ್ಟು ದೊಡ್ಡ ಮೋಟರನ್ನು ಹಿಡಿದುಕೊಂಡರೂ ತಲೆ ಮಾತ್ರ ತೋರಿಸಿ ಮೈಯೆಲ್ಲ ಮರದೊಳಗೆ ಇಟ್ಟುಕೊಳ್ಳುತ್ತದೆ.

ಮರುದಿನ ರೇಣುಕಾ ಒಳಗಿನಿಂದ ಬಿಗಿಯುತ್ತಿದ್ದಳು, ನಾನು ಹೊರಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಬೋಲ್ಟು ತಿರುಗದಂತೆ ಸ್ಪ್ಯಾನರ್ ಹಿಡಿದಿದ್ದೆ. ನಡುವೆ ಹಲಗೆ ಇತ್ತು, ಮುಖ ಕಾಣುತ್ತಿರಲಿಲ್ಲ. ಹೇಳುವುದಕ್ಕೆ ಅದೇ ಅನುಕೂಲ.

"ಬೋಲ್ಟು ತಿಂದಿದ್ದು ನನ್ನ ನಿಂಬೆಹಣ್ಣು ಕಣೆ. ನೀನು ಎಣ್ಣೆ ಹಚ್ಚಿದ್ದಕ್ಕೇ ಇಷ್ಟು ದಿನ ತಡೆದಾವೆ."

ಅವಳು ಇನ್ನೊಂದು ಸುತ್ತು ಬಿಗಿದಳು. "ನಲ್ಲಿ ಹತ್ರಾನೂ ಹಿಂಗೇ ಹೇಳ್ರೀ ಅತ್ತೆ. ಸಂಜಿಗೆ ಎಲ್ರೂ ಅಲ್ಲೇ ಇರ್ತಾರೆ."

ಹೋಗಿ ಹೇಳಿದೆ. ಅವಳನ್ನು ದೂರಿದಾಗ ನಲ್ಲಿ ಹತ್ತಿರ ಇಬ್ಬರೇ ಇದ್ದ ನೆನಪು, ತಪ್ಪೊಪ್ಪಿಕೊಳ್ಳುವಾಗ ಓಣಿಯೇ ಕೊಡ ಹಿಡಿದು ನಿಂತಿತ್ತು.

ಈಗ ಅಮಾವಾಸ್ಯೆ ಬಂದರೆ ಬೋಲ್ಟಿಗೆ ಗ್ರೀಸು ಸವರುತ್ತೇನೆ. ನಿಂಬೆಹಣ್ಣನ್ನು ಬೆಲ್ಲದ ಪಾನಕಕ್ಕೆ ಹಿಂಡಿ, ದೋಣಿ ಇಳಿದು ಬರುವ ರೇಣುಕಾಳ ಕೈಗೆ ಕೊಡುತ್ತೇನೆ. ದೃಷ್ಟಿ ಆಗಿದ್ದು ಅವಳಿಗೇ, ಆ ಕಣ್ಣು ನನ್ನದೇ ಆಗಿತ್ತು.