ಅಕ್ಕಿಕಾಳಿಗೆ ಕರೆಯದ ಕುಸುಮ

ಬೆಳಕು ಹರಿಯುವ ಹೊತ್ತಿಗೆ ಕುಸುಮ ತೆಲಸಂಗದಲ್ಲಿ ಬಸ್ಸಿಳಿಯುತ್ತಾರೆ. ಹೆಗಲಿಗೆ ಐಸ್ ಡಬ್ಬಿ, ಕೈಯಲ್ಲಿ ಸಿರಿಂಜಿನ ಚೀಲ. ಇವರ ಬಗ್ಗೆ ಬರೆಯಲೆಂದು ಬಂದ ನಾನೂ ಜೊತೆಗಿದ್ದೇನೆ. ಎದುರಾದ ಹೆಂಗಸೊಬ್ಬಳು ಗುರುತು ಹಿಡಿದು ಮುಖ ತಿರುವುತ್ತಾಳೆ.

“ಮದುವಿ ಮುರಿಯಾಕಿ ಬಂದ್ಲು ಅಂತಾರ್ರಿ. ಅನ್ನಲಿ ಬಿಡ್ರಿ,” ಎನ್ನುತ್ತಾರೆ ಕುಸುಮ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದವರು ಇವರು. ಕೊಟ್ಟದ್ದು ಸೋದರಮಾವನಿಗೇ. ಹೆತ್ತ ಎರಡೂ ಕೂಸುಗಳು ಮೈಯಲ್ಲಿ ತ್ರಾಣವಿಲ್ಲದೆ, ಎಲುಬು ಮುರಿದುಕೊಂಡೇ ಹುಟ್ಟಿ, ಉಸಿರಾಡಲಾರದೆ ತೀರಿಹೋದವು. ಗಂಡ ಬೇರೆ ಸಂಸಾರ ಹೂಡಿದ. ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ, 2017ರ ರಕ್ತಪರೀಕ್ಷೆಯಲ್ಲಿ. ಟ್ರಿಪ್‌4 ಎಂಬ ಜೀನ್. ಗಂಡ ಹೆಂಡತಿ ಇಬ್ಬರಲ್ಲೂ ಅದರ ಒಂದೊಂದು ಪ್ರತಿ ಕೆಟ್ಟಿತ್ತು, ಕೂಸುಗಳಿಗೆ ಎರಡೂ ಕೆಟ್ಟವೇ ಬಂದವು.

ಡಿಎನ್ಎಗೆ ಪೆಟ್ಟಾದರೆ ರಿಪೇರಿಗೆ ಕೈಜೋಡಿಸುವ, ಪ್ರೋಟೀನು ಕಟ್ಟುವ ರೈಬೋಸೋಮು ನಡುವೆ ಸಿಕ್ಕಿಬಿದ್ದರೆ ಬಿಡಿಸುವ ತಂಡದ ಕೆಲಸಗಾರ ಈ ಜೀನ್. ಎಲ್ಲರ ಮೈಯಲ್ಲೂ ದುಡಿಯುತ್ತದೆ, ಪಾಪ, ಹೆಸರು ಯಾರಿಗೆ ಗೊತ್ತು?

“ಕೆಟ್ಟ ಬೀಡಿ ಆರಿಸಿ ತಗಿಯೋ ಚೆಕ್ಕರ್ ಇರ್ತಾಳಲ್ರಿ, ಹಂಗ,” ಎಂದು ಕುಸುಮ ತಿಳಿಸುತ್ತಾರೆ. “ಆಕೀನ್ನೂ ಯಾರೂ ಮಾತಾಡ್ಸೂದಿಲ್ಲ.”

ರಕ್ತ ತೆಗೆಯುವುದನ್ನು ಕಲಿತು, ಅಥಣಿಯಲ್ಲೊಂದು ಖೋಲಿ ಹಿಡಿದು, ಈಗ ಆ ಜೀನಿನ ಪರೀಕ್ಷೆಗೆ ರಕ್ತ ಕೇಳುತ್ತ ಬಳಗದ ಮನೆ ಮನೆ ಅಲೆಯುತ್ತಾರೆ. ಇವತ್ತಿನದು ಸ್ವಂತ ಅಣ್ಣ ಬಾಳಾಸಾಬನ ಮನೆ. ಅವನ ಮಗಳು ಮಯೂರಿಯನ್ನು ಅವನ ಇನ್ನೊಬ್ಬ ತಂಗಿಯ ಮಗನಿಗೆ ಗೊತ್ತುಮಾಡಿದ್ದಾರೆ. ಆ ಇಬ್ಬರಲ್ಲೂ ಕೆಟ್ಟ ಪ್ರತಿ ಇದ್ದರೆ ಮತ್ತೆ ಅಂಥದೇ ಕೂಸು ಹುಟ್ಟಬಹುದು.

ಬಾಳಾಸಾಬ ಹೊಸ್ತಿಲಿಗೇ ಅಡ್ಡ ನಿಲ್ಲುತ್ತಾನೆ. “ಹೊರಗಿನ ಮನಿ ಆಗಿದ್ರ ತಪಾಸ ಮಾಡಸ್ತಿದ್ದೆ. ಇದು ನಮ್ಮ ರಕ್ತ, ನಮಗ ಗೊತ್ತೈತಿ. ಹೋಗ ನೀ.”

ಚಹಾ ಕೂಡ ಸಿಗುವುದಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಸುಮ ರೊಟ್ಟಿ ಗಂಟು ಬಿಚ್ಚುತ್ತಾರೆ. ನನಗೂ ಅರ್ಧ ಮುರಿದು ಕೊಡುತ್ತಾರೆ.

ಅಷ್ಟರಲ್ಲಿ ಕೊಡ ಹಿಡಿದು ನೀರಿಗೆ ಹೊರಟ ಮಯೂರಿ ಇತ್ತ ಬರುತ್ತಾಳೆ. ಕೊಡ ಇಳಿಸಿ, ತೋಳು ಮೇಲೇರಿಸುತ್ತಾಳೆ. “ಲಗೂನ ತಗೀರಿ ಅತ್ತಿ. ಅಪ್ಪಗ ಹೇಳಬ್ಯಾಡ್ರಿ.”

ಕುಸುಮ ಒಂದೇ ಸಲಕ್ಕೆ ಸೂಜಿ ಚುಚ್ಚಿ ರಕ್ತ ತೆಗೆದುಕೊಳ್ಳುತ್ತಾರೆ. ಹುಡುಗಿ ತಿರುವಿನಲ್ಲಿ ಮರೆಯಾದ ಮೇಲೆ ಕಣ್ಣೊರೆಸಿಕೊಳ್ಳುತ್ತಾರೆ.

ಮದುವೆಗಾದರೂ ಕರೆಯುತ್ತಾರೆಯೇ ಎಂದು ಕೇಳುತ್ತೇನೆ.

“ಅಕ್ಕಿಕಾಳು ಹಾಕಾಕ ನನ್ನ ಯಾರ ಕರೀತಾರ್ರಿ,” ಎಂದು ಐಸ್ ಡಬ್ಬಿ ಮುಚ್ಚುತ್ತಾರೆ. “ಆಕಿ ಕೂಸು ಇದ ಓಣ್ಯಾಗ ಓಡ್ಯಾಡಿದ್ರ ಸಾಕು. ಬಸ್ಸಿನ ಕಿಟಕ್ಯಾಗಿಂದ ನೋಡ್ಕೊಂಡ ಹೋಗ್ತೀನಿ.”