ನಲವತ್ತರ ಗೆರೆ

ಸೈದಾ ಪಟ್ಟಣದ ಅಬು ವಜ್ದಿ ಎದುರಾದವರ ಕ್ಷೇಮ ವಿಚಾರಿಸುವುದಿಲ್ಲ; "ನಿಮ್ದು ಎಷ್ಟಿದೆ?" ಎನ್ನುತ್ತಾನೆ. ಸರ್ಕಾರಿ ಕರೆಂಟು ನೆಂಟರ ಹಾಗೆ ಬಂದುಹೋಗುವ ಲೆಬನಾನಿನಲ್ಲಿ ಅದು ಸೋಲಾರ್ ಬ್ಯಾಟರಿಯ ಮಾತೆಂದು ಎಲ್ಲರಿಗೂ ಗೊತ್ತು. "ನೂರಕ್ಕೆ ಎಪ್ಪತ್ತು, ದೇವರ ದಯೆ" ಎನ್ನುತ್ತಾರೆ. ಅವನ ಮನೆಯಲ್ಲಿ ಒಗೆತ, ಇಸ್ತ್ರಿ ಎಲ್ಲ ಸೂರ್ಯ ನೆತ್ತಿಗೆ ಬಂದಾಗಲೇ. ಮೋಡ ಕವಿದರೆ ಸ್ವಂತ ಮಾವನೂ ಸುಕ್ಕು ಅಂಗಿಯಲ್ಲೇ ಮದುವೆಗೆ ಹೋಗಬೇಕು. ಬ್ಯಾಟರಿ ನಲವತ್ತಕ್ಕೆ ಇಳಿದ ಕೂಡಲೇ ಅವನು ಸ್ವಿಚ್ಚು ಆರಿಸುತ್ತಾನೆ; ಟೀವಿ, ಫ್ಯಾನು, ಫ್ರಿಜ್ಜು ಒಟ್ಟಿಗೇ ಉಸಿರು ನಿಲ್ಲಿಸುತ್ತವೆ. "ಅಯ್ಯೋ, ಕೊಲೆಗಾರ ಯಾರು ಅಂತ ಈಗ ಹೇಳ್ತಿದ್ರಲ್ಲಯ್ಯಾ!" ಎಂದು ಹೆಂಡತಿ ನುಹಾದ್ ಕೂಗಿದರೆ, "ನಾಳೆ ಮಧ್ಯಾಹ್ನ ನೋಡಿದ್ರಾಯ್ತು, ಅವ್ನೆಲ್ಲಿ ಓಡಿಹೋಗ್ತಾನೆ?" ಎನ್ನುತ್ತಾನೆ. "ಇದು ಹೊಸ ನಮೂನೆದು, ಯಜಮಾನ್ರೇ, ಹತ್ತಕ್ಕೆ ಇಳಿದ್ರೂ ಏನೂ ಆಗಲ್ಲ" ಎಂದ ಮೆಕ್ಯಾನಿಕ್‌ನನ್ನು, ಕೈಯಲ್ಲಿದ್ದ ಕಾಫಿ ಮುಗಿಯುವ ಮೊದಲೇ ಬಾಗಿಲಿಗೆ ಸಾಗಹಾಕಿದ. ನಲವತ್ತರಿಂದ ಕೆಳಗಿನದಕ್ಕೆ ಹಕ್ಕುದಾರ ಒಬ್ಬನೇ: ಮಲಗುವ ಕೋಣೆಯ ಪುಟ್ಟ ದೀಪ. ವಾರವಿಡೀ ಬಿಸಿಲು ಕಾಣದಿದ್ದರೂ ಅದು ಆರಬಾರದು. ರಾತ್ರಿಯಿಡೀ ಒಂದು ದೀಪ ಉರಿಯದಿದ್ದರೆ ಬ್ಯಾಟರಿ ಕೆಟ್ಟುಹೋಗುತ್ತದೆ ಎನ್ನುವುದು ಅವನ ವಾದ. ಬಾಂಬು ಬೀಳುತ್ತಿದ್ದ ವರ್ಷಗಳನ್ನು ನೆಲಮಾಳಿಗೆಯಲ್ಲಿ ಕಳೆದ ಮೇಲೆ ನುಹಾದಳಿಗೆ ಕತ್ತಲಲ್ಲಿ ನಿದ್ದೆ ಹತ್ತುವುದಿಲ್ಲ. ಹಾಗೆಂದು ಯಾರಾದರೂ ಅಂದರೆ, "ಕತ್ತಲಿಗೆ ಹೆದರೋಕೆ ನಾನೇನು ಕೂಸಾ?" ಎಂದು ಮೇಲೆ ಬೀಳುತ್ತಾಳೆ. ಆದ್ದರಿಂದ ದಿನಾ ಅವಳೇ ದೀಪ ಹಚ್ಚಿ, ದಿಂಬಿನ ಹತ್ತಿರಕ್ಕೆ ಎಳೆದುಕೊಂಡು, "ನಿನ್ನ ಹಾಳು ಬ್ಯಾಟರಿಗೋಸ್ಕರ ನಾನು ಬೆಳಕಲ್ಲಿ ಬಿದ್ಕೋಬೇಕು ನೋಡು" ಎಂದು ಗೊಣಗುತ್ತ ನಿದ್ದೆಹೋಗುತ್ತಾಳೆ. ಬೆಳಕಿದ್ದರೆ ರೆಪ್ಪೆ ಮುಚ್ಚಲಾಗದ ಅಬು ವಜ್ದಿ ಮುಖದ ಮೇಲೆ ಟವೆಲ್ಲು ಎಳೆದುಕೊಳ್ಳುತ್ತಾನೆ.